ಅಷ್ಟೂರಿನ ಗೋರಿಗಳ ನಡುವೆ ನಿತ್ಯಪುಷ್ಪ

ಕಲಬುರಗಿಯಿಂದ ಬೀದರಿಗೆ ನೇರ ರೈಲು ಶುರುವಾದದ್ದು 2017ರಲ್ಲಿ. ಕಾಕಾ ಕಿಟಕಿ ಬಿಟ್ಟು ಕದಲಲಿಲ್ಲ. ದಾರಿಯುದ್ದಕ್ಕೂ ತೊಗರಿ ಹೊಲ ನೋಡಿ ಇಳುವರಿ ಲೆಕ್ಕ ಹಾಕಿದ್ದೇ ಹಾಕಿದ್ದು. ಹುಮನಾಬಾದ್ ದಾಟಿ, ಕಪ್ಪು ಮಣ್ಣು ಹೋಗಿ ಕೆಂಪು ಮುರಕಲ್ಲು ಕಾಣಿಸಿಕೊಂಡಾಗ ಅವರ ಮಾತು ಬೇರೆ ಕಡೆ ಹೊರಳಿತು.

“ನೀನು ಔಷಧಿಶಾಸ್ತ್ರ ಪಾಠ ಮಾಡುವವನು, ಇದನ್ನು ಹೇಳು. ನನ್ನ ಗೆಳೆಯನಿಗೆ ಕ್ಯಾನ್ಸರ್ ಔಷಧಿ ಮೊದಲು ನಾಟಿತು, ಆಮೇಲೆ ನಾಟಲಿಲ್ಲ. ಸರಿ. ಹಿಂದೆಂದೂ ಕೊಡದ ಬೇರೆ ಔಷಧಿಯೂ ನಾಟಲಿಲ್ಲವಲ್ಲ, ಅದು ಹೇಗೆ?”

ಉತ್ತರ ಹೇಳುವಷ್ಟರಲ್ಲಿ ಬೀದರ್ ಬಂತು. ಕೋಟೆಯನ್ನು ಮರುದಿನಕ್ಕಿಟ್ಟು ಆಟೋ ಹಿಡಿದು ಅಷ್ಟೂರಿಗೆ ಹೋದೆವು. ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಹುಮಾಯೂನನ ಗುಮ್ಮಟ ಸಿಡಿಲಿಗೆ ಸೀಳಿ ಅರ್ಧ ಮಾತ್ರ ಉಳಿದಿದೆ. ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಅಹ್ಮದ್ ಶಾ ವಲಿಯ ಗೋರಿಯ ಒಳಗೋಡೆಯ ಚಿತ್ತಾರ ಕಾಣಲು, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ನಿಲ್ಲಬೇಕು. ಅವಸರದವರಿಗೆ ಅದು ಕಾಣುವುದೇ ಇಲ್ಲ.

ಹೊರಗೆ ಬಂದರೆ ದಾರಿಯಂಚಿನಲ್ಲಿ ಗುಲಾಬಿ ಬಣ್ಣದ ನಿತ್ಯಪುಷ್ಪ. ಎಲೆ ಮುರಿದೆ, ಹಾಲಿನಂಥ ರಸ ಬೆರಳಿಗೆ ಅಂಟಿತು. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿಗಳು ಸಿಕ್ಕಿದ್ದು ಇದರಲ್ಲೇ ಎಂದಾಗ ಕಾಕಾ ಕನ್ನಡಕ ಸರಿಪಡಿಸಿಕೊಂಡರು.

ರೈಲಿನ ಪ್ರಶ್ನೆಗೆ ಉತ್ತರ ಅಲ್ಲೇ ಶುರು ಮಾಡಿದೆ. 1976ರಲ್ಲಿ ಟೊರೊಂಟೊದಲ್ಲಿ ಜೂಲಿಯಾನೊ ಮತ್ತು ಲಿಂಗ್ ಎಂಬ ವಿಜ್ಞಾನಿಗಳು, ಔಷಧಿಗೆ ಬಗ್ಗದ ಹ್ಯಾಮ್‌ಸ್ಟರ್ ಜೀವಕೋಶಗಳ ಪೊರೆಯಲ್ಲಿ ಒಂದು ಪ್ರೋಟೀನ್ ಗುರುತಿಸಿದರು: ಪಿ-ಗ್ಲೈಕೊಪ್ರೋಟೀನ್. ನಮ್ಮಲ್ಲೂ ಅದು ಇದೆ, 1,280 ಅಮೈನೋ ಆಮ್ಲಗಳ ಸರಪಳಿ. ಜೀವಕೋಶದ ಇಂಧನವಾದ ಎಟಿಪಿಯ ಶಕ್ತಿ ಬಳಸಿ, ಪೊರೆಗೆ ನುಸುಳಿದ ಅಣುವನ್ನು ಹಿಡಿದು ಹೊರಗೆಸೆಯುತ್ತದೆ. ಅದರ ಹಿಡಿತದ ಜಾಗ ವಿಶಾಲ. ಒಂದಕ್ಕೊಂದು ಹೋಲದ ವಿನ್‌ಕ್ರಿಸ್ಟಿನ್, ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಮೂರು ಕ್ಯಾನ್ಸರ್ ಔಷಧಿಗಳೂ ಅದಕ್ಕೆ ಸಲ್ಲುತ್ತವೆ. ಮೊದಲ ಔಷಧಿಗೆ ಸಾಯದೆ ಉಳಿದ ಕೋಶಗಳಲ್ಲಿ ಈ ಪಂಪ್ ಹೆಚ್ಚಿದ್ದರೆ ಎರಡನೆಯದೂ ಒಳಗೆ ನಿಲ್ಲುವುದಿಲ್ಲ.

“ಮದುವೆ ಮನೆಯ ಬಾಗಿಲಲ್ಲಿ ಕರೆಯದವರನ್ನೆಲ್ಲ ವಾಪಸು ಕಳಿಸುವ ಬೀಗರಂತೆ” ಎಂದರು ಕಾಕಾ. ಇರಲಿ. ಆದರೆ ಈ ಬೀಗರನ್ನು ನೇಮಿಸಿದ್ದು ಕ್ಯಾನ್ಸರ್ ಅಲ್ಲ. ಕರುಳು, ಯಕೃತ್ತು, ಮೂತ್ರಪಿಂಡ, ಮಿದುಳಿನ ರಕ್ತನಾಳಗಳಲ್ಲಿ ವಿಷ ತಡೆಯಲು ಮೊದಲಿಂದಲೂ ಇದ್ದವರು. ಅವರ ಕೈ ಕಟ್ಟುವುದು ಅದಕ್ಕೇ ಕಷ್ಟ. ಹೃದಯದ ಮಾತ್ರೆ ವೆರಾಪಮಿಲ್ ಪಂಪನ್ನು ತಡೆಯುತ್ತದೆಂದು 1981ರಲ್ಲಿ ತಿಳಿಯಿತು, ಆದರೆ ಅದಕ್ಕೆ ಬೇಕಾದ ಪ್ರಮಾಣ ಹೃದಯಕ್ಕೇ ತೊಂದರೆ. ಪಂಪ್ ಒಂದೇ ಕಾರಣವೂ ಅಲ್ಲ. ಕೋಶಕ್ಕೆ ಬರುವ ಸಾಯುವ ಸೂಚನೆಯನ್ನೇ ತಡೆಯುವ ಬಿಸಿಎಲ್-2ರಂಥ ಪ್ರೋಟೀನ್‌ಗಳೂ ಇವೆ.

ನನಗೆ ಅತಿ ಸೋಜಿಗ ಈ ಗಿಡದ್ದೇ. ವಿನ್‌ಬ್ಲಾಸ್ಟಿನ್ ಆಗುವುದು ಕ್ಯಾಥರಾಂಥಿನ್, ವಿಂಡೋಲಿನ್ ಎಂಬ ಎರಡು ಭಾಗ ಕೂಡಿ. ಗಿಡ ವಿಂಡೋಲಿನನ್ನು ಎಲೆಯೊಳಗಿಟ್ಟು, ಕ್ಯಾಥರಾಂಥಿನನ್ನು ಎಲೆಯ ಮೇಲಿನ ಮೇಣಕ್ಕೆ ಹೊರದೂಡುತ್ತದೆ. ದೂಡುವುದು ಯಾವುದು? ಪಿ-ಗ್ಲೈಕೊಪ್ರೋಟೀನ್ ಸೇರಿದ ಎಬಿಸಿ ಎಂಬ, ಎಟಿಪಿಯಿಂದ ನಡೆಯುವ ಪಂಪುಗಳ ಕುಟುಂಬದ್ದೇ ಮತ್ತೊಂದು ಪಂಪ್. ಔಷಧಿಯ ತವರೂ ಅದರ ಶತ್ರುವೂ ಒಂದೇ ವಿದ್ಯೆ ಕಲಿತವರು!

“ಹಾಗಾದರೆ ಈ ಪಂಪಿಗೆ ಸಿಗದ ಔಷಧಿಯೇ ಇಲ್ಲವೇ?” ಸಿಸ್‌ಪ್ಲಾಟಿನ್ ಇದೆ ಎಂದೆ. ಕಾಕಾ ಫೋನಿನಲ್ಲಿ ಹೆಸರು ಬರೆದುಕೊಳ್ಳತೊಡಗಿದರು. ಎಲ್ಲ ಕ್ಯಾನ್ಸರಿಗೂ ಅದು ಬರುವುದಿಲ್ಲ, ವೈದ್ಯರನ್ನೇ ಕೇಳಲಿ ಎಂದರೆ, “ಕೇಳಲಿಕ್ಕಾದರೂ ಹೆಸರು ಬೇಡವೇ?” ಎಂದು ನನ್ನನ್ನೇ ಗದರಿ, ಕಾಗುಣಿತ ಹೇಳಿಸಿಕೊಂಡು, ಹತ್ತಿರದ ಸೂಫಿ ಸಂತರ ಗೋರಿ ಚೌಖಂಡಿ ನೋಡಲು ಆಟೋ ಹತ್ತಿದರು.