ಕೇರಂ ಬೋರ್ಡಿನ ಮೇಲೆ ನ್ಯೂಟ್ರಾನ್: ಮೂರನೆಯ ವಾರ

ಅಣ್ಣನ ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಪ್ಪಿಕೊಂಡಿದ್ದ ಮಾದರಿ ಅಂತೂ ಒಂದು ಹದಕ್ಕೆ ಬಂದಿದೆ. ತೋರಿಸಬೇಕಾದದ್ದು ಬೋರಾನ್ ನ್ಯೂಟ್ರಾನ್ ಸೆರೆ ಚಿಕಿತ್ಸೆ ಎಂಬ ಕ್ಯಾನ್ಸರ್ ಚಿಕಿತ್ಸೆ. ಕ್ಯಾನ್ಸರ್ ಕೋಶಗಳಿಗೆ ಬೋರಾನ್ ಸೇರಿಸಿ ಹೊರಗಿನಿಂದ ನ್ಯೂಟ್ರಾನ್ ಎಂಬ ಕಣಗಳನ್ನು ಬಿಡುತ್ತಾರೆ. ನ್ಯೂಟ್ರಾನ್ ಹಿಡಿದ ಬೋರಾನ್ ಒಡೆಯುತ್ತದೆ, ಹಾರುವ ಚೂರುಗಳು ಆ ಕೋಶವನ್ನು ಕೊಲ್ಲುತ್ತವೆ. ಅಟ್ಟದಿಂದ ಇಳಿಸಿದ ಹಳೆಯ ಕೇರಂ ಬೋರ್ಡಿನ ಮೇಲೆ 20 ಸೆಂ.ಮೀ. ಅಗಲದ ಒಂಬತ್ತು ವೃತ್ತ ಬರೆದಿದ್ದೇನೆ. ಒಂದೊಂದೂ ಒಂದು ಜೀವಕೋಶ. ಅವುಗಳಲ್ಲಿ ನಾಲ್ಕು ಕ್ಯಾನ್ಸರ್ ಕೋಶ, ಆ ಒಂದೊಂದರ ನಟ್ಟನಡುವೆ ಅಯಸ್ಕಾಂತ. ಅದೇ ಬೋರಾನ್-10, ನ್ಯೂಟ್ರಾನ್ ಹಿಡಿಯುವ ಬಗೆಯ ಬೋರಾನ್. ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳು ನ್ಯೂಟ್ರಾನ್. ಕೇರಂ ಬೋರ್ಡನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದರ ಮೇಲೆ ಉದುರಿಸುವ ಬೋರಿಕ್ ಪುಡಿಯಲ್ಲೂ, ನಮ್ಮ ವಿಜಯಪುರದ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರದಲ್ಲೂ ಬೋರಾನ್ ಇದೆ. ಅದರ ಐದು ಪರಮಾಣುಗಳಲ್ಲಿ ಸುಮಾರು ಒಂದು ಬೋರಾನ್-10.

ಮೊದಲ ತಕರಾರು ವೇಗದ್ದು. ಗುಂಡು ಉರುಳಿಸುವ ಇಳಿಜಾರು ಎತ್ತರಿಸಿದರೆ ಅದು ಅಯಸ್ಕಾಂತವನ್ನು ಲೆಕ್ಕಿಸದೆ ಪಕ್ಕದಲ್ಲೇ ಓಡುತ್ತಿತ್ತು. ತಗ್ಗಿಸಿದರೆ ಹಿಂದಿನ ಸಾಲನ್ನು ಮುಟ್ಟುತ್ತಲೇ ಇರಲಿಲ್ಲ. ಎರಡು ದಿನ ನನ್ನನ್ನೇ ಬೈದುಕೊಂಡ ಮೇಲೆ ಹೊಳೆಯಿತು, ಚಿಕಿತ್ಸೆಯಲ್ಲೂ ಇದೇ ಪೇಚು. ಬೋರಾನ್ ಚೆನ್ನಾಗಿ ಹಿಡಿಯುವುದು ನಿಧಾನವಾದ ನ್ಯೂಟ್ರಾನ್‌ಗಳನ್ನು, ಅವೋ ಮೈಯೊಳಗೆ ಆಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ತುಸು ಚುರುಕಾದವನ್ನು ಬಿಡುತ್ತಾರೆ. ಅಂಗಾಂಶದ ಹೈಡ್ರೋಜನ್‌ಗೆ ಬಡಿದು ಬಡಿದು ಅವು ಒಳಗೇ ನಿಧಾನವಾಗುತ್ತವೆ. ನಾನು ಹಳೆಯ ಟವೆಲ್ಲಿನ ತುಂಡು ಹಾಸಿದೆ. ಗುಂಡು ಅದರ ಮೇಲೆ ತೆವಳಿ ಬಂದು ಟಕ್ಕನೆ ಅಂಟಿಕೊಂಡಿತು.

ಅಯಸ್ಕಾಂತದ ಆಚೆ ಬದಿಗೆ ಎರಡು ಗುಂಡು ಮೊದಲೇ ಅಂಟಿಸಿಟ್ಟಿರುತ್ತೇನೆ. ಈಚೆಯಿಂದ ಒಂದು ಬಡಿದರೆ ಆಚೆಯ ತುದಿಯದು ಸಿಡಿಯುತ್ತದೆ. ನಿಜವಾದ ಬೋರಾನ್ ಒಡೆದಾಗ ಹೀಲಿಯಂ ಒಂದು ಕಡೆ, ಲೀಥಿಯಂ ಎದುರು ಕಡೆ ಹಾರುತ್ತವೆ. ನನ್ನದರಲ್ಲಿ ಒಂದೇ ಹಾರುತ್ತದೆ, ಇರಲಿ. ಆದರೆ ಮೊದಲ ಸಲ ಸಿಡಿದದ್ದು ಬೋರ್ಡು ದಾಟಿ ಅವ್ವನ ತಾಮ್ರದ ಕೊಡಕ್ಕೆ ಬಡಿಯಿತು. ಇದನ್ನು ಹಾಗೇ ಬಿಡುವಂತಿರಲಿಲ್ಲ. ಮೈಯೊಳಗೆ ಹೀಲಿಯಂ ಹೋಗುವುದು ಸುಮಾರು 9 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಪಾಲು), ಲೀಥಿಯಂ 5. ಕೋಶಕ್ಕೆ 10 ಮೈಕ್ರಾನ್ ಎಂದು ಹಿಡಿದರೆ ನನ್ನ ಅಳತೆಯಲ್ಲಿ 18 ಮತ್ತು 10 ಸೆಂ.ಮೀ. ಪಕ್ಕದ ಕೋಶಗಳು ಬಹುಮಟ್ಟಿಗೆ ಉಳಿಯುವುದೇ ಈ ಗಿಡ್ಡ ಓಟದಿಂದ. ವೃತ್ತದ ಸುತ್ತ ಜೋಳದ ಹಿಟ್ಟು ದಪ್ಪಗೆ ಹರಡಿದೆ. ಗುಂಡು ಬೆರಳಲ್ಲಿ ಎಳೆದಂಥ ಗೆರೆ ಕೊರೆದು 17 ಸೆಂ.ಮೀ.ಗೆ ನಿಂತಿತು. ಅವ್ವ ಹಿಟ್ಟಿನ ಲೆಕ್ಕ ಕೇಳಿದಳು.

‘ಕಾಕಾ, ಬೋರಾನ್‌ಗೆ ಗಡ್ಡೆಯ ವಿಳಾಸ ಕೊಟ್ಟವರು ಯಾರು?’ ಎಂದಳು ಹುಡುಗಿ. ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲಕ್ಕೆ ಬೋರಾನ್ ಸೇರಿಸಿ ರಕ್ತಕ್ಕೆ ಏರಿಸುತ್ತಾರೆ, ಭರದಿಂದ ಬೆಳೆಯುವ ಕ್ಯಾನ್ಸರ್ ಕೋಶ ಅದನ್ನು ಹೆಚ್ಚು ಎಳೆದುಕೊಳ್ಳುತ್ತದೆ ಎಂದೆ. ‘ಒಳ್ಳೆಯ ಕೋಶ ಒಂಚೂರೂ ತಿನ್ನುವುದಿಲ್ಲವೇ?’ ತಿನ್ನುತ್ತದೆ. ಐದನೆಯ ವೃತ್ತಕ್ಕೆ ಸಣ್ಣದೊಂದು ಅಯಸ್ಕಾಂತ ಹುಡುಕಬೇಕು.

ಫಲಕಕ್ಕೆ ಎರಡೇ ಇಸವಿ ಸಾಕು. 1936, ಗಾರ್ಡನ್ ಲೋಚರ್ ಈ ಉಪಾಯ ಸೂಚಿಸಿದ್ದು. 2020, ತಲೆ ಮತ್ತು ಕುತ್ತಿಗೆಯ ಕೆಲವು ಕ್ಯಾನ್ಸರ್‌ಗಳಿಗೆ ಜಪಾನ್ ಅನುಮತಿ ಕೊಟ್ಟಿದ್ದು. ಅಕ್ಷರ ಅವಳೇ ಬರೆಯುತ್ತಾಳಂತೆ, ನನ್ನದು ಓದಲು ಬರುವುದಿಲ್ಲವಂತೆ.