ಶೇನ್ ವಾರ್ನ್ ಆಡಿದ ಒಂದು ಮಾತು

ಮೆಲ್ಬರ್ನ್‌ಗೆ ಬಂದ ಮೇಲೆ ನಾನು ಮೊದಲು ಕೊಂಡ ವಾಹನ ಸೈಕಲ್. ಕಾರು ಬಂದದ್ದು ಎರಡು ವರ್ಷದ ಮೇಲೆ. ಕಾರು ಬಂದರೂ ಆಫೀಸಿಗೆ ಮಾತ್ರ ಸೈಕಲ್ಲೇ. ಹಾಸನದಲ್ಲಿರುವ ಅಮ್ಮನಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ. “ಅಷ್ಟು ದೂರ ಹೋಗಿ ಸೈಕಲ್ ತುಳೀತೀಯಲ್ಲೋ, ನೋಡಿದವರು ಏನಂದ್ಕೊಳ್ಳಲ್ಲ?” ಅನ್ನುತ್ತಾಳೆ. ಇಲ್ಲಿ ಯಾರೂ ಹಾಗೆ ಅಂದುಕೊಳ್ಳುವುದಿಲ್ಲ, ನಮ್ಮ ಮ್ಯಾನೇಜರೂ ಸೈಕಲ್‌ನಲ್ಲೇ ಬರುತ್ತಾರೆ ಎಂದು ಎಷ್ಟೋ ಸಲ ಹೇಳಿದ್ದೇನೆ. ಆದರೆ ಇಲ್ಲಿ ಸೈಕಲ್‌ನವರ ಮೇಲೆ ಬೇರೆ ಥರದ ಒಂದು ಸಿಟ್ಟಿದೆ. ಅದನ್ನು ಅಮ್ಮನಿಗೆ ಹೇಳಿಲ್ಲ. ಆ ಸಿಟ್ಟು ನನಗೆ ಮೊದಲು ಪೂರ್ತಿಯಾಗಿ ಕಂಡದ್ದು ನಾನು ತುಂಬಾ ಇಷ್ಟಪಟ್ಟ ಆಟಗಾರನೊಬ್ಬನ ಮಾತಿನಿಂದ.

ಶೇನ್ ವಾರ್ನ್ ಯಾರು ಎಂದು ಕನ್ನಡದವರಿಗೆ ಹೇಳಬೇಕಾಗಿಲ್ಲ. 708 ಟೆಸ್ಟ್ ವಿಕೆಟ್ ತೆಗೆದ ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್. ನಮ್ಮ ಬೀದಿಯಲ್ಲಿ ಟೆನಿಸ್ ಬಾಲ್ ಹಿಡಿದ ಹುಡುಗರೆಲ್ಲ ಅವರ ಹಾಗೆ ನಾಲ್ಕು ಹೆಜ್ಜೆ ನಿಧಾನವಾಗಿ ನಡೆದು ಬಂದು ಮಣಿಕಟ್ಟು ತಿರುಗಿಸುತ್ತಿದ್ದೆವು. 1998ರಲ್ಲಿ ಚೆನ್ನೈನಲ್ಲಿ ವಾರ್ನ್ ಬೌಲಿಂಗನ್ನು ಸಚಿನ್ ಚಚ್ಚಿದಾಗ ಕುಣಿದೆವು, ನಿಜ. ಆದರೂ ಮರುದಿನ ಬೀದಿಯಲ್ಲಿ ಎಲ್ಲರೂ ವಾರ್ನ್ ಆಗಲು ಜಗಳವಾಡಿದೆವು. ಅವರ ಊರಿಗೇ ಕೆಲಸಕ್ಕೆ ಬಂದದ್ದು ನನಗೆ ದೊಡ್ಡ ಖುಷಿಯಾಗಿತ್ತು. 2011ರ ಡಿಸೆಂಬರ್‌ನಲ್ಲಿ ಎಂಸಿಜಿ ಕ್ರೀಡಾಂಗಣದ ಹೊರಗೆ ಅವರ ಕಂಚಿನ ಪ್ರತಿಮೆ ನಿಲ್ಲಿಸಿದರು. ಅದೇ ವಾರ ಭಾರತ ಆಡಿದ ಬಾಕ್ಸಿಂಗ್ ಡೇ (ಕ್ರಿಸ್‌ಮಸ್ ಮರುದಿನ ಶುರುವಾಗುವ) ಟೆಸ್ಟ್‌ಗೆ ಹೋದಾಗ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡೆ. ಆ ಟೆಸ್ಟ್‌ನ ಎರಡನೇ ದಿನ ದ್ರಾವಿಡ್ 68 ರನ್ ಹೊಡೆದು ಔಟಾಗದೆ ಉಳಿದಿದ್ದರು. ಆಮೇಲೆ ಎಲ್ಲ ಸೋಲೇ. ಪರ್ತ್ ಟೆಸ್ಟ್ ಮೂರೇ ದಿನಕ್ಕೆ ಮುಗಿಯಿತು. ಇಲ್ಲಿನ ನಮ್ಮ ಜನಕ್ಕೆಲ್ಲ ಮಂಕು ಕವಿದ ಹಾಗಾಗಿತ್ತು.

ಆ ಮಾತಿಗೆ ಕಾರಣವಾದ ಘಟನೆ ನಡೆದದ್ದು ಪರ್ತ್ ಟೆಸ್ಟ್ ಮುಗಿದ ವಾರದಲ್ಲೇ, 2012ರ ಜನವರಿಯಲ್ಲಿ. ವಾರ್ನ್ ನಿವೃತ್ತಿ ಬಿಟ್ಟು ಮೆಲ್ಬರ್ನ್ ಸ್ಟಾರ್ಸ್ ತಂಡಕ್ಕೆ ಆಡುತ್ತಿದ್ದರು. ಇಲ್ಲಿನ ಟಿ20 ಲೀಗ್ ಬಿಗ್ ಬ್ಯಾಶ್‌ನ ಮೊದಲ ವರ್ಷ ಅದು. ಸೇಂಟ್ ಕಿಲ್ಡಾ ರಸ್ತೆಯಲ್ಲಿ ಅವರ ಕಾರಿಗೂ ಒಬ್ಬ ಸೈಕಲ್ ಸವಾರನಿಗೂ ತಕರಾರಾಯಿತು. ಆತ ಕಾರು ಹಿಡಿದುಕೊಂಡ, ದಾರಿಗೆ ಅಡ್ಡ ನಿಂತ, ಬೈದ ಎಂದು ವಾರ್ನ್ ಹೇಳಿದರು. ಕಾರು ಮುಂದೆ ನುಗ್ಗಿ ತನ್ನ ಸೈಕಲ್‌ಗೆ ತಾಗಿತು, ಚಕ್ರ ಹಾಳಾಯಿತು ಎಂದು ಆತ ಹೇಳಿದ. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ನಾನು ಅಲ್ಲಿರಲಿಲ್ಲ. ಯಾರದ್ದು ಸರಿ ಎಂದು ಹೇಳಲಾರೆ.

ನನಗೆ ನೋವಾದದ್ದು ಆಮೇಲಿನ ಮಾತಿನಿಂದ. ವಾರ್ನ್ ಅದನ್ನು ಟ್ವಿಟರ್‌ನಲ್ಲಿ ಬರೆದರು. ಲಕ್ಷಗಟ್ಟಲೆ ಜನ ಓದುವ ಜಾಗ ಅದು. ಸೈಕಲ್‌ನವರೂ ರಿಜಿಸ್ಟ್ರೇಷನ್ ಮಾಡಿಸಬೇಕು, ನಂಬರ್ ಪ್ಲೇಟ್ ಹಾಕಬೇಕು ಎಂಬ ಮಾತು ಅದರಲ್ಲಿತ್ತು. ಇಲ್ಲಿ ರಿಜಿಸ್ಟ್ರೇಷನ್‌ಗೆ ಎಲ್ಲರೂ ‘ರೆಜೊ’ ಅನ್ನುತ್ತಾರೆ. ಒಬ್ಬ ವ್ಯಕ್ತಿಯ ಜೊತೆಗಾದ ಜಗಳ ನೋಡನೋಡುತ್ತಲೇ ಸೈಕಲ್ ತುಳಿಯುವ ಎಲ್ಲರ ಮೇಲಿನ ದೂರಾಯಿತು.

ಮರುದಿನ ಊರಿಗೆ ಊರೇ ಅದನ್ನೇ ಮಾತಾಡಿತು. ಜನ ಫೋನ್ ಮಾಡಿ ಅಭಿಪ್ರಾಯ ಹೇಳುವ ರೇಡಿಯೊ ಕಾರ್ಯಕ್ರಮಗಳು ಇಲ್ಲಿ ಬೆಳಿಗ್ಗೆ ಎಲ್ಲರ ಕಾರಿನಲ್ಲೂ ಹಾಡುತ್ತಿರುತ್ತವೆ. ಅವತ್ತು ಫೋನ್ ಮೇಲೆ ಫೋನ್. ವಾರ್ನ್ ಸರಿಯಾಗಿ ಹೇಳಿದರು, ಇವರು ಕೆಂಪು ದೀಪ ನೋಡಲ್ಲ, ಒಂದು ಡಾಲರ್ ಕಟ್ಟಲ್ಲ ಎಂದು ಒಬ್ಬರಾದ ಮೇಲೆ ಒಬ್ಬರು. ಇನ್ನೊಂದು ಕಡೆ ಸೈಕಲ್‌ನವರಿಗೂ ಸಿಟ್ಟು ಬಂತು. ಅಷ್ಟು ಜನ ನಂಬುವ ಮನುಷ್ಯ ಹೀಗೆ ಮಾತಾಡಿದರೆ ನಾಳೆ ರಸ್ತೆಯಲ್ಲಿ ನಮ್ಮ ಗತಿ ಏನು ಎಂದು ಕೇಳಿದರು. ವಾರ್ನ್‌ಗೆ ಕೆಟ್ಟ ಭಾಷೆಯಲ್ಲಿ ಬೈದವರೂ ಇದ್ದರು. ಅದೂ ತಪ್ಪೇ. ಆಫೀಸಿನ ಊಟದ ಕೋಣೆಯಲ್ಲಿ ಎರಡು ಬಣವಾಯಿತು. ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಹೋದ ನನ್ನನ್ನು ನೋಡಿ ಒಬ್ಬರು ಮಾತು ನಿಲ್ಲಿಸಿದರು. ಅದು ಇನ್ನೂ ನೆನಪಿದೆ. ಎರಡು ವರ್ಷ ಪಕ್ಕದಲ್ಲೇ ಕೂತು ಕೆಲಸ ಮಾಡಿದ ಮನುಷ್ಯ ಅವರು. ಆ ದಿನ ಅವರ ಕಣ್ಣಿಗೆ ನಾನು ಬರೀ ‘ಸೈಕಲ್‌ನವನು’.

ಅಷ್ಟೆಲ್ಲ ಮಾತಿನ ನಡುವೆ, ಚಕ್ರ ಹಾಳಾದ ಆ ಮನುಷ್ಯ ಹೇಗಿದ್ದಾನೆ ಎಂದು ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ.

ಆ ವಾರದ ಕೊನೆಗೆ ಇಲ್ಲಿನ ಪಾರ್ಕಿನಲ್ಲಿ ನಮ್ಮವರ ಸಂಕ್ರಾಂತಿ. ಎಳ್ಳು ಬೆಲ್ಲ ಹಂಚಿ, ಪೊಂಗಲ್ ಊಟ ಮಾಡಿ, ಗಂಡಸರೆಲ್ಲ ಮರದ ಕೆಳಗೆ ಸೇರಿದರು. ಮೊದಲು ದ್ರಾವಿಡ್ ಎಷ್ಟು ಸಲ ಬೌಲ್ಡ್ ಆದರು ಎಂಬ ಸಂಕಟ. ಆಮೇಲೆ ವಾರ್ನ್. “ಅಲ್ಲ, ನಾವು ಕಾರಿಗೆ ಅಷ್ಟೊಂದು ರೆಜೊ ಕಟ್ತೀವಿ. ಇವರು ಪುಕ್ಕಟೆ ಓಡಾಡ್ತಾರೆ. ಪ್ಲೇಟ್ ಹಾಕಿಸಿದ್ರೆ ತಪ್ಪೇನು?” ಎಂದು ಒಬ್ಬರು ಕೇಳಿದರು. ಬಹಳ ಜನ ತಲೆಯಾಡಿಸಿದರು.

ಮಗನ ಮನೆಗೆ ಬಂದಿದ್ದ ತುಮಕೂರಿನ ಹಿರಿಯರೊಬ್ಬರು ಅಲ್ಲಿ ಕೂತಿದ್ದರು. ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. “ನಾವು ಕಟ್ತಿದ್ವಲ್ಲಪ್ಪ” ಅಂದರು. “ಮುನಿಸಿಪಾಲಿಟಿಯವರು ವರ್ಷಕ್ಕೊಂದು ಬಿಲ್ಲೆ ಕೊಡೋರು. ಸೈಕಲ್‌ಗೆ ಕಟ್ಕೋಬೇಕಿತ್ತು. ಬಿಲ್ಲೆ ಇಲ್ದಿದ್ರೆ ದಂಡ. ಡೈನಮೊ ಉರೀದಿದ್ರೆ ದಂಡ. ಡಬಲ್ ರೈಡಿಂಗ್ ಹೋದ್ರೆ ದಂಡ.” ಸುತ್ತ ಇದ್ದವರಿಗೆಲ್ಲ ನೆನಪಾಯಿತು. ನನಗೂ ಆಯಿತು. ನಮ್ಮಪ್ಪನ ಹಳೇ ಅಟ್ಲಾಸ್ ಸೈಕಲ್‌ಗೆ ಅಂಥದ್ದೊಂದು ತಗಡಿನ ಬಿಲ್ಲೆ ಇತ್ತು. ಆಮೇಲೆ ಆ ಹಿರಿಯರು ಕೇಳಿದರು: “ಬಿಲ್ಲೆ ಇತ್ತು ಅಂತ ಯಾವ ಲಾರಿಯವನು ನಮಗೆ ಜಾಗ ಬಿಟ್ಟ? ಪಕ್ಕದಲ್ಲೇ ಹಾರ್ನ್ ಹೊಡ್ಕೊಂಡು ಹೋಗೋರು. ನಾವು ಮಣ್ಣಿಗೆ ಇಳೀತಿದ್ವಿ.”

ನನಗೆ ಆ ಇಡೀ ತಿಂಗಳಲ್ಲಿ ಕೇಳಿದ ಅತ್ಯಂತ ಸರಿಯಾದ ಮಾತು ಅದು.

ರೆಜೊ ವಿಷಯ ಇಲ್ಲಿಗೆ ಹೊಸದಾಗಿ ಬಂದವರಿಗೂ ಗೊಂದಲ. ಸ್ವಲ್ಪ ಹೇಳಿಬಿಡುತ್ತೇನೆ. ನಾವು ಕಟ್ಟುವ ರೆಜೊದಿಂದಲೇ ರಸ್ತೆ ಮಾಡುತ್ತಾರೆ ಎಂದು ತುಂಬಾ ಜನ ನಂಬಿದ್ದಾರೆ. ಆದರೆ ಮನೆ ಮುಂದಿನ ರಸ್ತೆಗೆ ದುಡ್ಡು ಬರುವುದು ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ ಕಟ್ಟುವ ಮನೆ ತೆರಿಗೆಯಿಂದ, ಉಳಿದ ತೆರಿಗೆಗಳಿಂದ. ಅದನ್ನು ಸೈಕಲ್‌ನವರೂ ಕಟ್ಟುತ್ತಾರೆ. ವಿಕ್ಟೋರಿಯಾದಲ್ಲಿ ರೆಜೊದ ಜೊತೆ ಟಿಎಸಿ ಎಂಬ ಸರ್ಕಾರಿ ವಿಮೆಯ ದುಡ್ಡೂ ಸೇರಿರುತ್ತದೆ. ಕಾರಿನಿಂದ ಯಾರಿಗೆ ಪೆಟ್ಟಾದರೂ, ತಪ್ಪು ಯಾರದ್ದೇ ಇರಲಿ, ಆಸ್ಪತ್ರೆ ಖರ್ಚು ಅದು ನೋಡಿಕೊಳ್ಳುತ್ತದೆ. ಒಂದೂವರೆ ಟನ್ ಕಬ್ಬಿಣ ಓಡಿಸುವವರು ಆ ವಿಮೆ ಕಟ್ಟುವುದು ನ್ಯಾಯವೇ ಅಲ್ವಾ? ನನ್ನ ಕಾರಿಗೆ ನಾನೂ ಕಟ್ಟುತ್ತೇನೆ.

ಆ ವಿಮೆ ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ಗೊತ್ತಾದದ್ದು 2014ರಲ್ಲಿ. ಕಾರ್ಲೈಲ್ ಸ್ಟ್ರೀಟ್‌ನಲ್ಲಿ ಸಂಜೆ ಮನೆಗೆ ಬರುತ್ತಿದ್ದೆ. ಎಡಗಡೆ ನಿಂತಿದ್ದ ಕಾರಿನ ಬಾಗಿಲು ಇದ್ದಕ್ಕಿದ್ದಂತೆ ತೆರೆಯಿತು. ಬ್ರೇಕ್ ಹಿಡಿಯಲೂ ಸಮಯ ಸಿಗಲಿಲ್ಲ. ಬಾಗಿಲಿಗೆ ಗುದ್ದಿ ಟ್ರಾಮ್ ಹಳಿಯ ಹತ್ತಿರ ಬಿದ್ದೆ. ಕುತ್ತಿಗೆಯ ಪಕ್ಕದ ಕಾಲರ್ ಮೂಳೆ ಮುರಿಯಿತು. ಬಿದ್ದಾಗ ನೋವು ಮೊದಲು ಗೊತ್ತಾಗಲಿಲ್ಲ. ಹಿಂದಿನಿಂದ ಟ್ರಾಮ್ ಬರುತ್ತಿದೆಯಾ ಎಂಬುದೊಂದೇ ತಲೆಯಲ್ಲಿತ್ತು. ಪುಣ್ಯಕ್ಕೆ ಬರುತ್ತಿರಲಿಲ್ಲ.

ಹಿಂದೆ ಕಾರುಗಳು ನಿಂತವು. ಒಬ್ಬ ಕಿಟಕಿ ಇಳಿಸಿ, “ಮೊದಲು ರೆಜೊ ಕಟ್ಟು” ಎಂದು ಕೂಗಿ ಪಕ್ಕದಿಂದ ಹೋದ. ನಾನಿನ್ನೂ ನೆಲದ ಮೇಲೆ ಇದ್ದೆ.

ಎದುರಿನ ಬೇಕರಿಯಿಂದ ಒಬ್ಬ ಅಜ್ಜಿ ಕುರ್ಚಿ ಎಳೆದುಕೊಂಡು ಬಂದರು. ಅವರ ಇಂಗ್ಲಿಷ್ ನನಗೆ ಅರ್ಧ ತಿಳಿಯಲಿಲ್ಲ. ಕೂರಿಸಿದರು, ನೀರು ಕೊಟ್ಟರು, ಆಂಬುಲೆನ್ಸ್ ಬರುವವರೆಗೆ ನನ್ನ ಬಲಗೈ ಹಿಡಿದುಕೊಂಡೇ ಇದ್ದರು. ಬಾಗಿಲು ತೆರೆದ ಹುಡುಗಿ ಫುಟ್‌ಪಾತ್ ಮೇಲೆ ಕೂತು ಅಳುತ್ತಿದ್ದಳು. ಅವಳಿಗೂ ಅಜ್ಜಿಯೇ ನೀರು ಕೊಟ್ಟರು. ನಮ್ಮೂರಿನಲ್ಲಿ ಯಾರಾದರೂ ಬಿದ್ದರೆ ಹತ್ತು ಜನ ಸುತ್ತ ಸೇರುತ್ತಾರೆ. ಜಗಳವೂ ಆಗುತ್ತದೆ, ಕೆಲವು ಸಲ ಹೊಡೆದಾಟವೂ ಆಗುತ್ತದೆ. ಆದರೆ ಎಲ್ಲಕ್ಕಿಂತ ಮೊದಲು “ಏಟಾಯ್ತಾ?” ಅಂತ ಒಬ್ಬರಾದರೂ ಕೇಳುತ್ತಾರೆ. ಆ ಅಜ್ಜಿ ತಮ್ಮ ಭಾಷೆಯಲ್ಲಿ ಅದನ್ನೇ ಕೇಳಿದರು ಎಂದು ನಾನು ನಂಬಿದ್ದೇನೆ.

ಕಿಟಕಿಯಿಂದ ಕೂಗಿದವನು ಆ ಮಾತನ್ನು ವಾರ್ನ್ ಅವರಿಂದ ಕಲಿತ ಎಂದು ನಾನು ಹೇಳುವುದಿಲ್ಲ. ಅದು ಈ ಊರಿನಲ್ಲಿ ಮೊದಲೇ ಇದ್ದ ಮಾತು. ಆದರೆ ಎಲ್ಲರೂ ಪ್ರೀತಿಸುವ ಮನುಷ್ಯ ಅದನ್ನೇ ಹೇಳಿದಾಗ, ಅನ್ನಲು ಹಿಂಜರಿಯುತ್ತಿದ್ದವರಿಗೂ ಧೈರ್ಯ ಬರುತ್ತದೆ. ಊಟದ ಕೋಣೆಯಲ್ಲಿ ನಾನು ನೋಡಿದ್ದು ಅದನ್ನೇ.

ಇಲ್ಲಿ ಒಂದು ಹೆಸರು ಹೇಳಬೇಕು. ಏಮಿ ಗಿಲ್ಲೆಟ್. 1996ರ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ ರೋಯಿಂಗ್ ಮಾಡಿ, ಆಮೇಲೆ ಸೈಕ್ಲಿಂಗ್‌ಗೆ ಬಂದವರು. 2005ರ ಜುಲೈ 18ರಂದು ಜರ್ಮನಿಯಲ್ಲಿ ಆಸ್ಟ್ರೇಲಿಯಾದ ಆರು ಹುಡುಗಿಯರು ಅಭ್ಯಾಸಕ್ಕೆ ಸೈಕಲ್‌ನಲ್ಲಿ ಹೊರಟಿದ್ದರು. ಎದುರಿಂದ ಬಂದ ಕಾರೊಂದು ಹಿಡಿತ ತಪ್ಪಿ ಅವರ ಮೇಲೆ ನುಗ್ಗಿತು. ಏಮಿ ತೀರಿಕೊಂಡರು. ಉಳಿದ ಐವರಿಗೂ ಭಾರಿ ಪೆಟ್ಟಾಯಿತು. ಅವರ ಹೆಸರಿನಲ್ಲಿ ಶುರುವಾದ ಸಂಸ್ಥೆ ಮುಖ್ಯವಾಗಿ ಕೇಳಿದ್ದು ಇದನ್ನು: ಸೈಕಲ್‌ನವರನ್ನು ಕಾರು ದಾಟುವಾಗ ಒಂದು ಮೀಟರ್ ಜಾಗ ಬಿಡಿ. ಕ್ವೀನ್ಸ್‌ಲ್ಯಾಂಡ್ ರಾಜ್ಯ 2014ರಲ್ಲೇ ಅದನ್ನು ಪ್ರಾಯೋಗಿಕವಾಗಿ ಜಾರಿ ಮಾಡಿತು. ನಮ್ಮ ವಿಕ್ಟೋರಿಯಾದಲ್ಲಿ ಬಂದದ್ದು 2021ರ ಏಪ್ರಿಲ್‌ನಲ್ಲಿ. ಗಂಟೆಗೆ 60 ಕಿಲೋಮೀಟರ್‌ವರೆಗಿನ ರಸ್ತೆಯಲ್ಲಿ ಒಂದು ಮೀಟರ್, ಅದಕ್ಕಿಂತ ಜಾಸ್ತಿ ವೇಗದ ರಸ್ತೆಯಲ್ಲಿ ಒಂದೂವರೆ ಮೀಟರ್. ಸೈಕಲ್‌ಗೆ ಹೆಲ್ಮೆಟ್ ಕಡ್ಡಾಯ ಮಾಡಿದ್ದರಲ್ಲಿ ಇದೇ ವಿಕ್ಟೋರಿಯಾ ಪ್ರಪಂಚಕ್ಕೇ ಮೊದಲು, 1990ರಲ್ಲಿ. ಸೈಕಲ್‌ನವರು ಏನು ಹಾಕಿಕೊಳ್ಳಬೇಕು ಎನ್ನುವ ಕಾನೂನು ಬಂದು ಮೂವತ್ತು ವರ್ಷ ಕಳೆದ ಮೇಲೆ ಕಾರಿನವರು ಎಷ್ಟು ದೂರ ಇರಬೇಕು ಎನ್ನುವ ಕಾನೂನು ಬಂತು. ಇದು ನನಗೆ ಸರಿ ಅನಿಸುವುದಿಲ್ಲ.

ಲಾಕ್‌ಡೌನ್ ಇದ್ದಾಗ ಮನೆಯಿಂದ ಐದು ಕಿಲೋಮೀಟರ್ ದಾಟುವ ಹಾಗಿರಲಿಲ್ಲ. ಆಗ ಇಡೀ ಊರು ಸೈಕಲ್ ಹತ್ತಿತು. ಅಂಗಡಿಯಲ್ಲಿ ಸೈಕಲ್ ಸಿಗದೆ ಜನ ಕಾದರು. ಅವತ್ತು ಊಟದ ಕೋಣೆಯಲ್ಲಿ ಮಾತು ನಿಲ್ಲಿಸಿದವರು ಒಂದು ದಿನ ಫೋನ್ ಮಾಡಿ, ಮಗಳಿಗೆ ಯಾವ ಸೈಜಿನ ಸೈಕಲ್ ತರಬೇಕು ಎಂದು ಕೇಳಿದರು. ಅರ್ಧ ಗಂಟೆ ಮಾತಾಡಿದೆವು. 2012ರ ವಿಷಯ ಇಬ್ಬರೂ ಎತ್ತಲಿಲ್ಲ.

2021ರ ನವೆಂಬರ್‌ನಲ್ಲಿ ವಾರ್ನ್ ಬಿದ್ದರು. ಮಗನ ಜೊತೆ ಮೋಟರ್‌ಬೈಕ್‌ನಲ್ಲಿ ಹೋಗುವಾಗ ಜಾರಿ, ಹದಿನೈದು ಮೀಟರ್‌ಗೂ ಹೆಚ್ಚು ದೂರ ಉಜ್ಜಿಕೊಂಡು ಹೋದರಂತೆ. ಸುದ್ದಿ ಓದಿದಾಗ ನನ್ನ ಕೈ ತಾನಾಗಿ ಕಾಲರ್ ಮೂಳೆಯ ಹತ್ತಿರ ಹೋಯಿತು. ಡಾಂಬರಿನ ಮೇಲೆ ಮೈ ಉಜ್ಜುವ ಉರಿ ಗೊತ್ತಿದ್ದವರಿಗೆ ಗೊತ್ತು. ಹುಡುಗನಿಗೆ ಏನಾಯಿತು, ಅವರ ಕಾಲಿಗೆ ಏನಾಯಿತು ಎಂದು ಪೂರ್ತಿ ಓದಿದ ಮೇಲೇ ಸಮಾಧಾನವಾಯಿತು. ಮೂಳೆ ಮುರಿದಿರಲಿಲ್ಲ. ಇಂಗ್ಲೆಂಡ್ ಜೊತೆಗಿನ ಆಶಸ್ ಸರಣಿಗೆ ಕಾಮೆಂಟರಿ ಹೇಳಲೂ ಬಂದರು. ನಮ್ಮ ಸೈಕಲ್ ಗುಂಪಿನಲ್ಲಿ ಒಬ್ಬ ಹಳೇ ಮಾತು ತೆಗೆದು, ಈಗ ಗೊತ್ತಾಯಿತಾ ಎಂದ. ಹಾಗನ್ನಬೇಡ ಎಂದೆ. ಆತ ಸುಮ್ಮನಾದ.

ಮೂರು ತಿಂಗಳು ಕಳೆದ ಕೆಲವೇ ದಿನಕ್ಕೆ, 2022ರ ಮಾರ್ಚ್ 4ರಂದು, ಥಾಯ್ಲೆಂಡಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. 52 ವರ್ಷ. ಮರುದಿನ ಬೆಳಿಗ್ಗೆ ಸೇಂಟ್ ಕಿಲ್ಡಾ ರಸ್ತೆಯಲ್ಲೇ ಸೈಕಲ್ ತುಳಿದು ಎಂಸಿಜಿಗೆ ಹೋದೆ. ಪ್ರತಿಮೆಯ ಕಾಲಿನ ಹತ್ತಿರ ಹೂವು, ಬಿಯರ್ ಡಬ್ಬ, ಸಿಗರೇಟ್, ಕ್ರಿಕೆಟ್ ಬಾಲ್ ರಾಶಿ ಬಿದ್ದಿತ್ತು. ನಾನೊಂದು ಟೆನಿಸ್ ಬಾಲ್ ಇಟ್ಟೆ. ಅಳು ಬಂತು. ಆ ಮನುಷ್ಯನನ್ನು ನಾನು ಪ್ರೀತಿಸಿದ್ದೆ. 2012ರ ಮಾತು ನೋಯಿಸಿದ್ದೂ ಅದಕ್ಕೇ.

ಹೋದ ತಿಂಗಳು ಶಿವಮೊಗ್ಗದಿಂದ ಕೆಲಸಕ್ಕೆ ಬಂದ ಹುಡುಗನೊಬ್ಬನನ್ನು ವಿಮಾನ ನಿಲ್ದಾಣದಿಂದ ಕರೆತಂದೆ. ಎರಡು ವಾರ ನಮ್ಮ ಮನೆಯಲ್ಲೇ ಇದ್ದ. ನನ್ನ ಕಾರಿನಲ್ಲೇ ಇಲ್ಲಿನ ರಸ್ತೆ ಕಲಿತ. ಇಲ್ಲೂ ನಮ್ಮ ಹಾಗೆ ಬಲಗಡೆ ಸ್ಟೇರಿಂಗ್, ಹಾಗಾಗಿ ಬೇಗ ಹೊಂದಿಕೊಂಡ. ಕಾರ್ಲೈಲ್ ಸ್ಟ್ರೀಟ್‌ನಲ್ಲಿ ಬೇಕರಿಯ ಮುಂದೆ ಕಾರು ನಿಲ್ಲಿಸಿ, ಬಾಗಿಲು ತೆರೆಯಲು ಬಲಗೈ ಚಾಚಿದ.

“ತಡಿ” ಎಂದೆ. “ಎಡಗೈಯಲ್ಲಿ ತೆಗಿ.”

“ಯಾಕಣ್ಣ?”

ಎಡಗೈ ಚಾಚಿದರೆ ಭುಜ ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿಗೂ ಹಿಂದಿನ ರಸ್ತೆಗೂ ಹೋಗುತ್ತದೆ ಎಂದು ಹೇಳಿದೆ. ಮಾಡಿ ನೋಡಿದ. ಹಿಂದೆ ಒಬ್ಬ ಹೆಂಗಸು ಮಗುವನ್ನು ಕೂರಿಸಿಕೊಂಡು ಸೈಕಲ್‌ನಲ್ಲಿ ಬರುತ್ತಿದ್ದಳು. ಅವಳು ದಾಟಿ ಹೋಗುವವರೆಗೆ ಇಬ್ಬರೂ ಕಾರಿನೊಳಗೇ ಕಾದೆವು.