ತಾಳಮದ್ದಳೆ ಧ್ವನಿಸಂಗ್ರಹ: ಅಡ್ಮಿನ್ ಪಾಸ್‌ವರ್ಡ್ ಬದಲಿಸುವ ಕೆಲಸ ಎಲ್ಲಿಗೆ ಬಂತು

ಪತ್ತನಾಜೆ ಕಳೆಯಿತು, ಯಕ್ಷಗಾನ ಮೇಳಗಳು ಈ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದವು. ಇನ್ನು ಉಡುಪಿ ಸುತ್ತಮುತ್ತ ಮಳೆಗಾಲ ಪೂರ್ತಿ ತಾಳಮದ್ದಳೆ ಕೂಟಗಳು, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿದ ಕೂಟಗಳನ್ನು ನಮ್ಮ ಸಂಘದ ಸೈಟಿಗೆ ಏರಿಸುವ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ಇಷ್ಟು ವರ್ಷ ಸೈಟ್ ನೋಡಿಕೊಂಡಿದ್ದ ಗೆಳೆಯ ಕೆಲಸ ಸಿಕ್ಕಿ ದುಬೈಗೆ ಹೋದ. ಹೋಗುವಾಗ ಪಾಸ್‌ವರ್ಡ್ ಬರೆದುಕೊಟ್ಟು, "ಒಳಗೆ ಹೋಗಿ ಬದಲಿಸಿಕೋ, ಅಷ್ಟೇ" ಅಂದ. ಬದಲಿಸುವುದು ಎರಡು ನಿಮಿಷದ ಕೆಲಸ, ನಿಜ. ಆದರೆ ಬದಲಿಸಿದ ಪಾಸ್‌ವರ್ಡ್ ಸುತ್ತ ಎಷ್ಟು ಬಾಗಿಲು ತೆರೆದೇ ಇರುತ್ತವೆ ಅಂತ ನೋಡುತ್ತಾ ಹೋದರೆ ಕೆಲಸ ದೊಡ್ಡದು. ಈವರೆಗೆ ಆದದ್ದು ಇಲ್ಲಿದೆ.

ಮೊದಲು ಇಮೇಲ್

ನಮ್ಮದು ವರ್ಡ್‌ಪ್ರೆಸ್ ಅನ್ನುವ, ಸೈಟ್ ನಡೆಸುವ ತಂತ್ರಾಂಶದಲ್ಲಿ ಮಾಡಿದ ಸೈಟ್. ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಮರೆತಿದ್ದೇನೆ ಅಂತ ಒತ್ತಿದರೆ, ಹೊಸದು ಹಾಕಿಕೊಳ್ಳುವ ಲಿಂಕ್ ಆ ಬಳಕೆದಾರರ ಇಮೇಲಿಗೆ ಹೋಗುತ್ತದೆ. ಅದು ಒಂದು ದಿನ ಚಾಲ್ತಿಯಲ್ಲಿರುತ್ತದೆ. ಅಂದರೆ ಇಮೇಲ್ ಯಾರ ಕೈಯಲ್ಲಿದೆಯೋ ಸೈಟೂ ಅವರ ಕೈಯಲ್ಲೇ. ಅದಕ್ಕೇ ಸೈಟನ್ನು ಮುಟ್ಟುವ ಮೊದಲು ಇಮೇಲ್ ತೆರೆದೆ.

ಸಂಘದ ಇಮೇಲ್ ಖಾತೆಯಲ್ಲಿ, ಪಾಸ್‌ವರ್ಡ್ ಮರೆತರೆ ಒಟಿಪಿ ಹೋಗುವ ನಂಬರ್ ಯಾವುದು ಅಂತ ನೋಡಿದರೆ, ಗೆಳೆಯನ ಊರಿನ ಸಿಮ್! ಅವನು ಅದಕ್ಕೆ ರೀಚಾರ್ಜ್ ಮಾಡುವುದನ್ನೇ ಬಿಟ್ಟಿದ್ದಾನೆ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಚಿಂತೆ ತಂದದ್ದು ಇದೇ. ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಕಳೆದ ಮೇಲೆ ಮೊಬೈಲ್ ಕಂಪನಿಯವರು ಬೇರೆ ಗಿರಾಕಿಗೆ ಕೊಡಬಹುದು. 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಈ ವಿಷಯ ಬಂದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೇಳಿದ್ದೂ ಇದನ್ನೇ. ಆಮೇಲೆ ನಮ್ಮ ಒಟಿಪಿ ಆ ಹೊಸ ಗಿರಾಕಿಗೆ ಹೋಗುತ್ತದೆ. ಅವರು ಒಳ್ಳೆಯವರೇ ಇರಬಹುದು. ಆದರೆ ಗುರುತು ಪರಿಚಯ ಇಲ್ಲದವರ ಒಳ್ಳೆಯತನವನ್ನು ನಂಬಿ ಇಷ್ಟು ಕೂಟಗಳ ಧ್ವನಿಯನ್ನು ಬಿಡುವುದು ಹೇಗೆ? ನಮ್ಮ ಕರಾವಳಿಯಿಂದ ಗಲ್ಫಿಗೆ ಹೋದವರು ಎಷ್ಟೋ ಜನ. ಭಜನಾ ಮಂಡಳಿ, ಯುವಕ ಮಂಡಲ, ಹಳೆ ವಿದ್ಯಾರ್ಥಿ ಸಂಘ ಅಂತ ನೀವು ಖಾತೆ ನೋಡಿಕೊಳ್ಳುತ್ತಿದ್ದರೆ, ಇದೊಂದನ್ನು ಇವತ್ತೇ ನೋಡಿ.

ಗೆಳೆಯನಿಗೆ ವಾಟ್ಸಾಪಿನಲ್ಲಿ ತಿಳಿಸಿ, ಆ ನಂಬರ್ ತೆಗೆದು ಸಂಘದ ಖಜಾಂಚಿಯವರ ನಂಬರ್ ಹಾಕಿದೆ. ಹಳೆಯ ಫೋನು, ಲ್ಯಾಪ್‌ಟಾಪ್‌ಗಳಲ್ಲಿ ಲಾಗಿನ್ ಆಗಿಯೇ ಇದ್ದ ಇಮೇಲನ್ನೂ ಎಲ್ಲಾ ಕಡೆ ಲಾಗ್ ಔಟ್ ಮಾಡಿಸಿದೆ. ಬೇರೆ ವಿಳಾಸಕ್ಕೆ ಮೇಲ್ ದಾಟಿಸುವ ಸೆಟ್ಟಿಂಗ್ ಏನಾದರೂ ಉಂಟಾ ಅಂತಲೂ ನೋಡಿದೆ, ಇರಲಿಲ್ಲ.

ದಾಳ ಉರುಳಿಸಿದ್ದು

"ಹೊಸ ಪಾಸ್‌ವರ್ಡಿಗೆ ಪ್ರಸಂಗದ ಹೆಸರು, ಕೊನೆಗೊಂದು ಇಸವಿ ಹಾಕುವ. ನೆನಪಿರ್ತದೆ" ಅಂದರು ಮಾಷ್ಟ್ರು. ಸಂಘಕ್ಕೆ ಹಿರಿಯರು ಅವರು, ಹೆಚ್ಚಿನ ಕ್ಯಾಸೆಟ್‌ಗಳೂ ಅವರವೇ.

"ಬೇಡ ಮಾಷ್ಟ್ರೇ. ಯಕ್ಷಗಾನದ ಸೈಟು ಅಂದ್ರೆ ಮೊದಲು ಪ್ರಸಂಗದ ಹೆಸರನ್ನೇ ಹಾಕಿ ನೋಡ್ತಾರೆ."

ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2016ರಲ್ಲಿ ಪ್ರಕಟಿಸಿದ ಒಂದು ಪದಪಟ್ಟಿ ಇದೆ. ಅದರಲ್ಲಿ 7,776 ಇಂಗ್ಲಿಷ್ ಪದಗಳು. ದಾಳವನ್ನು ಐದು ಸಲ ಉರುಳಿಸಿದರೆ ಐದಂಕಿಯ ಸಂಖ್ಯೆ ಬರುತ್ತದೆ, ಪಟ್ಟಿಯಲ್ಲಿ ಅದಕ್ಕೊಂದು ಪದ ಇರುತ್ತದೆ. ಹೀಗೆ ಆರು ಪದ ಆರಿಸಿ ಒಟ್ಟಿಗೆ ಬರೆದರೆ ಅದೇ ಪಾಸ್‌ವರ್ಡ್. ಯಾರ ತಲೆಯಿಂದಲೂ ಬಂದದ್ದಲ್ಲ, ಆದ್ದರಿಂದ ಯಾರನ್ನು ಬಲ್ಲವರೂ ಊಹಿಸಲಾರರು. ಮಾಷ್ಟ್ರ ಮನೆಯ ಚಾವಡಿಯಲ್ಲಿ ಕೂತು, ಮೊಮ್ಮಗನ ಹಾವು ಏಣಿ ಆಟದ ದಾಳ ಉರುಳಿಸಿದೆವು. ಮಾಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಶಕುನಿಯ ದಾಳ ಅಲ್ಲ ಅಲ್ವಾ?" ಅಂದರು. ಕೇಳಬೇಕಾದ ಪ್ರಶ್ನೆಯೇ ಅದು. ಒಂದೇ ಬದಿಗೆ ಬೀಳುವ ದಾಳವಾದರೆ ಇದು ಪ್ರಯೋಜನವಿಲ್ಲ. ಬಂದ ಪದ ಇಷ್ಟವಾಗಲಿಲ್ಲ ಅಂತ ಬದಲಿಸಿದರೂ ಹಾಗೆಯೇ.

ಹೀಗೆ ಮಾಡಿದ್ದು ಎರಡೇ ಪಾಸ್‌ವರ್ಡ್: ಒಂದು ಇಮೇಲಿಗೆ, ಇನ್ನೊಂದು ಪಾಸ್‌ವರ್ಡ್‌ಗಳನ್ನು ಕಾಪಾಡಿಡುವ ಬಿಟ್‌ವಾರ್ಡನ್ ಆ್ಯಪ್‌ಗೆ. ಸೈಟಿನದ್ದು, ಸೈಟಿಗೆ ಜಾಗ ಕೊಟ್ಟ ಹೋಸ್ಟಿಂಗಿನದ್ದು ಎಲ್ಲ ಬಿಟ್‌ವಾರ್ಡನ್ ತಾನೇ ಮಾಡಿ ಇಟ್ಟುಕೊಳ್ಳುತ್ತದೆ. ಅವನ್ನು ಯಾರೂ ನೆನಪಿಡಬೇಕಾಗಿಲ್ಲ.

ಮೂರು ತಿಂಗಳಿಗೊಮ್ಮೆ ಬದಲಿಸಬೇಕಾ ಅಂತ ಖಜಾಂಚಿ ಕೇಳಿದರು. ಬೇಡ. ಅಮೆರಿಕ ಸರ್ಕಾರದ, ಮಾನದಂಡ ರೂಪಿಸುವ ನಿಸ್ಟ್ ಸಂಸ್ಥೆ 2017ರ ತನ್ನ ಮಾರ್ಗಸೂಚಿಯಲ್ಲೇ ಸುಮ್ಸುಮ್ನೆ ಬದಲಿಸಲು ಒತ್ತಾಯಿಸಬೇಡಿ ಅಂದಿದೆ. ಪದೇಪದೇ ಬದಲಿಸಲು ಹೇಳಿದರೆ ಜನ ಕೊನೆಯ ಅಂಕಿಯನ್ನು ಮಾತ್ರ ಬದಲಿಸುತ್ತಾರೆ. ಯಾರಾದರೂ ಜವಾಬ್ದಾರಿ ಬಿಟ್ಟಾಗ, ಸೋರಿಕೆಯ ಅನುಮಾನ ಬಂದಾಗ ಬದಲಿಸಿದರೆ ಸಾಕು.

ಸೈಟಿನ ಒಳಗೆ

ಪ್ರೊಫೈಲ್ ಪುಟದಲ್ಲಿ ಹೊಸ ಪಾಸ್‌ವರ್ಡ್ ಹಾಕಿದ ಕೂಡಲೇ ಆ ಖಾತೆಯ ಹಳೆಯ ಲಾಗಿನ್‌ಗಳೆಲ್ಲ ಕಡಿದು ಹೋಗುತ್ತವೆ. ಬ್ರೌಸರಿನಲ್ಲಿ ಕೂತಿರುವ ಕುಕಿಯನ್ನು, ಅಂದರೆ ಲಾಗಿನ್ ಗುರುತಿನ ಚೀಟಿಯನ್ನು, ಮಾಡುವಾಗಲೇ ಪಾಸ್‌ವರ್ಡಿನಿಂದ ಲೆಕ್ಕ ಹಾಕಿ ಮಾಡಿದ ಅಕ್ಷರಸಾಲಿನ (ಹ್ಯಾಶ್) ಒಂದು ತುಣುಕು ಸೇರಿರುತ್ತದೆ, ಹ್ಯಾಶ್ ಬದಲಾದರೆ ಕುಕಿ ನಡೆಯುವುದಿಲ್ಲ. ಆದರೆ ಅಪ್ಲಿಕೇಶನ್ ಪಾಸ್‌ವರ್ಡ್ ಅಂತ ಇನ್ನೊಂದಿದೆ. 2020ರಲ್ಲಿ ಬಂದ ವರ್ಡ್‌ಪ್ರೆಸ್ 5.6 ಆವೃತ್ತಿಯಿಂದ ಶುರುವಾದದ್ದು, ಮೊಬೈಲ್ ಆ್ಯಪ್‌ನಂಥವು ಸೈಟಿಗೆ ಸೇರಲು. ಮುಖ್ಯ ಪಾಸ್‌ವರ್ಡ್ ಬದಲಿಸಿದರೂ ಇವು ರದ್ದಾಗುವುದಿಲ್ಲ. ಅದೇ ಪುಟದಲ್ಲಿ ಕೆಳಗೆ ಇಳಿದು ಹುಡುಕಬೇಕು. ನಮ್ಮಲ್ಲಿ ಗೆಳೆಯನ ಹಳೆಯ ಫೋನಿನ ಹೆಸರಿನಲ್ಲಿ ಒಂದಿತ್ತು, ರದ್ದು ಮಾಡಿದೆ.

ಬಳಕೆದಾರರ ಪಟ್ಟಿಯಲ್ಲಿ 'ಅಡ್ಮಿನ್' ಅನ್ನುವ ಹೆಸರಿನ ಖಾತೆಯೂ ಇತ್ತು. 2010ರ 3.0 ಆವೃತ್ತಿಗೆ ಮೊದಲು ಇದೇ ಹೆಸರು ತಾನಾಗಿ ಬರುತ್ತಿತ್ತು, ಹಾಗಾಗಿ ನುಗ್ಗಲು ನೋಡುವವರು ಇದನ್ನೇ ಮೊದಲು ಪ್ರಯತ್ನಿಸುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಬಳಕೆದಾರರ ಹೆಸರು ಬದಲಿಸಲು ಬರುವುದಿಲ್ಲ. ಹೊಸ ಅಡ್ಮಿನಿಸ್ಟ್ರೇಟರ್ ಖಾತೆ ಮಾಡಿ, ಅದರಿಂದ ಒಳಗೆ ಬಂದು, ಹಳೆಯದನ್ನು ಅಳಿಸಿದೆ. ಅಳಿಸುವಾಗ ಸೈಟ್ ಒಂದು ಪ್ರಶ್ನೆ ಕೇಳುತ್ತದೆ: ಈ ಖಾತೆಯ ಬರಹಗಳನ್ನೂ ಅಳಿಸುವುದಾ, ಬೇರೆಯವರ ಹೆಸರಿಗೆ ದಾಟಿಸುವುದಾ? ಅಲ್ಲಿ ನಿಧಾನವಾಗಿ ಓದಿ ಒತ್ತಬೇಕು. ಅಳಿಸಿ ಅಂತ ಒತ್ತಿದರೆ ಆ ಖಾತೆಯಿಂದ ಹಾಕಿದ ಕೂಟಗಳ ಪುಟಗಳೂ ಹೋಗುತ್ತವೆ.

ಗೆಳೆಯನ ಸ್ವಂತ ಖಾತೆಯನ್ನು ಅಳಿಸಲಿಲ್ಲ. ಅಧಿಕಾರ ಇಳಿಸಿ ಸಬ್‌ಸ್ಕ್ರೈಬರ್ ಮಾಡಿದೆ. ನಿದ್ದೆ ಬಿಟ್ಟು ಕ್ಯಾಸೆಟ್ ಇಳಿಸಿದವನು ಅವನು, ಪ್ರತಿ ಪುಟದಲ್ಲೂ ಅವನ ಹೆಸರು ಹಾಗೇ ಉಳಿಯಬೇಕು.

ಸೈಟಿನ ಬರಹಗಳೆಲ್ಲ ಇರುವ ಡೇಟಾಬೇಸಿನ ಪಾಸ್‌ವರ್ಡ್, ಸೈಟಿನ ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲಿನಲ್ಲಿ ಬರೆದದ್ದು ಬರೆದ ಹಾಗೇ ಕಾಣುತ್ತದೆ. ಅದನ್ನೂ ಬದಲಿಸಿದೆ. ಹೋಸ್ಟಿಂಗ್ ಪ್ಯಾನಲ್ಲಿನಲ್ಲಿ ಬದಲಿಸಿದ ಮೇಲೆ ಫೈಲಿನಲ್ಲೂ ಬದಲಿಸುವ ತನಕ ಸೈಟ್ ತೆರೆಯುವುದಿಲ್ಲ, ಹಾಗಾಗಿ ಎರಡನ್ನೂ ಪಕ್ಕಪಕ್ಕ ತೆರೆದಿಟ್ಟುಕೊಂಡು ಬೆಳಿಗ್ಗೆ ಬೇಗ ಮಾಡಿ ಮುಗಿಸಿದೆ.

ಎರಡನೇ ಹಂತ

ವರ್ಡ್‌ಪ್ರೆಸ್ಸಿನಲ್ಲಿ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ಎರಡು ಹಂತದ ಲಾಗಿನ್ ತಾನಾಗಿ ಬರುವುದಿಲ್ಲ, ಪ್ಲಗಿನ್ ಅನ್ನುವ ಸೇರ್ಪಡೆ ತಂತ್ರಾಂಶ ಬೇಕು. ಹಾಕಿದೆ. ಎಸ್ಸೆಮ್ಮೆಸ್ ಬೇಡ ಅಂತ ಮೊದಲೇ ನಿರ್ಧರಿಸಿದ್ದೆ, ಕಾರಣ ಮೇಲೆ ಹೇಳಿದ ಸಿಮ್. ಫೋನಿನ ಆ್ಯಪ್ 30 ಸೆಕೆಂಡಿಗೊಮ್ಮೆ ಹೊಸ ಕೋಡ್ ತೋರಿಸುತ್ತದೆ. ಅದಕ್ಕೆ ಗಡಿಯಾರ ಸರಿ ಇದ್ದರೆ ಸಾಕು, ನೆಟ್‌ವರ್ಕ್ ಬೇಡ. ಗಾಳಿಮಳೆಗೆ ಟವರ್ ಹೋದ ದಿನವೂ ಕೋಡ್ ಬರುತ್ತದೆ.

ಫೋನ್ ಕಳೆದರೆ ಅಂತ ಬ್ಯಾಕಪ್ ಕೋಡ್‌ಗಳಿವೆ, ಒಂದೊಂದೂ ಒಂದು ಸಲಕ್ಕೆ ಮಾತ್ರ. ಪ್ರಿಂಟರಿನ ಶಾಯಿ ಮಳೆಗಾಲದ ತೇವಕ್ಕೆ ಹರಡುತ್ತದೆ ಅಂತ ಮಾಷ್ಟ್ರು ದಪ್ಪ ಕಾಗದದಲ್ಲಿ ಪೆನ್ಸಿಲಿನಿಂದ ಬರೆದರು, ಅವರ ಅಕ್ಷರ ಅಚ್ಚು ಹಾಕಿದ ಹಾಗೆ. ಸೊನ್ನೆಗೂ ಓ ಅಕ್ಷರಕ್ಕೂ ವ್ಯತ್ಯಾಸ ಗೊತ್ತಾಗಲಿ ಅಂತ ಸೊನ್ನೆಗೆ ಅಡ್ಡಗೆರೆ ಎಳೆದರು. ಲಕೋಟೆ ಅಂಟಿಸಿ, ಮೇಲೆ ಅವರೂ ಖಜಾಂಚಿಯೂ ಸಹಿ ಹಾಕಿದರು. ಅದು ಈಗ ಸಂಘದ ಕಬ್ಬಿಣದ ಕಪಾಟಿನಲ್ಲಿದೆ. ನಾನು ನಾಳೆ ಊರಲ್ಲಿಲ್ಲದಿದ್ದರೂ ಸೈಟ್ ಸಂಘದ ಕೈಯಲ್ಲಿರುತ್ತದೆ.

ಬಾಕಿ ಇರುವುದು

ಡೊಮೈನ್, ಅಂದರೆ ಸೈಟಿನ ವಿಳಾಸದ ಹೆಸರು, ಇನ್ನೂ ಗೆಳೆಯನ ಸ್ವಂತ ಇಮೇಲಿನಲ್ಲಿದೆ. ನವೀಕರಣದ ನೋಟಿಸು ಅವನಿಗೇ ಹೋಗುತ್ತದೆ, ಹಣವೂ ಅವನ ಕಾರ್ಡಿನಿಂದಲೇ. ವರ್ಗಾವಣೆಗೆ ಅವನು ಒಪ್ಪಿದ್ದಾನೆ, ಶುಕ್ರವಾರ ಇಬ್ಬರೂ ಕೂತು ಮಾಡುತ್ತೇವೆ. ಅದಾದ ಮೇಲೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಧ್ವನಿ ಸರಿಯಾಗಿ ಕೇಳುತ್ತದಾ ಅಂತ ನೋಡಬೇಕು.